ಜಗಲಿಯ ಮೇಲೆ ಕೂತು ಸಾಲ ಕೊಟ್ಟವರು

ಮಂಡ್ಯ, ಮದ್ದೂರು, ಮಳವಳ್ಳಿಯ ಪೇಟೆಗಳಲ್ಲಿ ಅಂಗಡಿ ಕಟ್ಟಡ ಕೊಳ್ಳಹೊರಟವರಿಗೆ ಸಾಲ ಕೊಡುವವರು ಹಲವರಿದ್ದಾರೆ. ಇಷ್ಟು ಸಾಲ ನಿಮಗೆ ಬೇಡ ಎಂದು ಮುಖಕ್ಕೆ ಹೇಳಬಲ್ಲವರು ಅಪರೂಪ. ನಮ್ಮ ಸಹಕಾರ ಬ್ಯಾಂಕಿನಿಂದ ಈಗ ನಿವೃತ್ತರಾಗುತ್ತಿರುವ ಶ್ರೀಮತಿ ವನಜಾ ಅವರು ಅಂಥ ಅಪರೂಪದವರು. ಬೆಸಗರಹಳ್ಳಿಯಿಂದ ಬಸ್ಸಿನಲ್ಲಿ ಬಂದುಹೋಗುತ್ತ ಮದ್ದೂರು ಶಾಖೆಯಲ್ಲಿ ಗುಮಾಸ್ತರಾಗಿದ್ದವರು, ಮಳವಳ್ಳಿಯಲ್ಲಿ ಮ್ಯಾನೇಜರಾಗಿ, ಕಡೆಗೆ ಮಂಡ್ಯದಲ್ಲಿ ಸಾಲ ವಿಭಾಗದ ಮುಖ್ಯಸ್ಥರಾದರು. ಹುದ್ದೆ ಯಾವುದಿದ್ದರೂ ಒಂದು ಅಭ್ಯಾಸ ಬಿಡಲಿಲ್ಲ: ಕಾಗದಪತ್ರ ನೋಡಿ ಮುಗಿದ ಮೇಲೆ, ಯಾರಿಗೂ ಹೇಳದೆ ಸಂತೆಯ ದಿನ ಹೋಗಿ ಆ ಕಟ್ಟಡದ ಮುಂದೆ ಅರ್ಧ ದಿನ ಕೂರುವುದು.

ಮಳವಳ್ಳಿಯ ಕಬೀರ್ ಅವರ ಸಂಗತಿಯನ್ನು ಪೇಟೆಯವರೆಲ್ಲ ಬಲ್ಲರು. ಗ್ಯಾರೇಜಿನಲ್ಲಿ ದುಡಿದು ನಾಲ್ಕು ಕಾಸು ಕೂಡಿಟ್ಟಿದ್ದ ಅವರು, ಪೇಟೆಬೀದಿಯ ಹಳೆಯ ಹೆಂಚಿನ ಮಳಿಗೆಯೊಂದನ್ನು ಕೊಂಡು, ಕೆಡವಿ, ಮೂರಂತಸ್ತಿನ ಕಾಂಪ್ಲೆಕ್ಸ್ ಎಬ್ಬಿಸುವ ಆಸೆ ಹೊತ್ತಿದ್ದರು. ಕೆಳಗಿನ ಅಂಗಡಿಗೆ ಬರುತ್ತೇನೆಂದು ಮೊಬೈಲ್ ವ್ಯಾಪಾರಿಯೊಬ್ಬರು ಮಾತು ಕೊಟ್ಟಿದ್ದರು. ಅಷ್ಟು ದೊಡ್ಡ ಸಾಲಕ್ಕೆ ಮಳಿಗೆಯೊಂದೇ ಆಧಾರ ಸಾಲದು. ತಾಯಿ ಬಿಬಿ ಜಾನ್ ವಾಸವಿದ್ದ ಮನೆಯನ್ನೂ ಅಡವಿಡಲು ಕಬೀರ್ ಸಿದ್ಧರಾಗಿದ್ದರು.

ವನಜಾ ಅವರು ಹೋಗಿ ಆ ಮಳಿಗೆಯ ಜಗಲಿಯ ಮೇಲೆ, ಹೂವಿನ ಮುದ್ದಮ್ಮನ ಪಕ್ಕದಲ್ಲಿ ಕೂತರು. ಪೂರಿಗಾಲಿ ಕಡೆಯ ಬಸ್ಸಿಳಿದ ಹೆಂಗಸರು ಬಂದು ಜಗಲಿಗೆ ಚೀಲ ಇಳಿಸಿ, ನೀರು ಕುಡಿದು, ಮುದ್ದಮ್ಮನೊಡನೆ ಮೊಳ ಹೂವಿಗೆ ಚೌಕಾಸಿ ಮಾಡಿ, ಆಮೇಲೆ ಅಕ್ಕಪಕ್ಕದ ಅಂಗಡಿ ಹೊಗುತ್ತಿದ್ದರು. ಎದುರಿಗಿದ್ದ ಹೊಸ ಕಟ್ಟಡದ ಮೆಟ್ಟಿಲು ಹತ್ತಿದವರಿಲ್ಲ. ಅದರ ಮಹಡಿಯ ‘ಬಾಡಿಗೆಗೆ ಇದೆ’ ಬೋರ್ಡು ಬಿಸಿಲಿಗೆ ಮಾಸಿಹೋಗಿತ್ತು.

ಮರುದಿನ ಕಬೀರ್ ಅವರಿಗೆ ತಮ್ಮ ತೀರ್ಮಾನ ಹೇಳಿದರು. ಕೊಳ್ಳುವುದಕ್ಕೂ ರಿಪೇರಿಗೂ ಸಾಲ ಉಂಟು, ಜಗಲಿ ಉಳಿಯಬೇಕು, ತಾಯಿಯ ಮನೆಪತ್ರ ಬ್ಯಾಂಕಿಗೆ ಬೇಡ.

“ಜಗಲಿ ಬಾಡಿಗೆ ಕೊಡ್ತದಾ ಮೇಡಂ?” ಎಂದರು ಕಬೀರ್.

“ಕೊಡಲ್ಲ ಕಣಪ್ಪ. ಕೊಡೋರ್ನ ಕರ್ಕಂಡ್ ಬತ್ತದೆ.”

“ಸಾಲ ಕೊಡಕ್ ಇಷ್ಟ ಇಲ್ಲ ಅನ್ಬುಡಿ.”

“ನಿಮ್ಮಮ್ಮನ್ನ ಬೀದೀಲಿ ನೋಡಕ್ ಇಷ್ಟ ಇಲ್ಲ.”

ಕಬೀರ್ ಮುನಿಸಿನಿಂದಲೇ ಕೊಂಡರು. ಗಾಜಿನ ಮುಂಭಾಗವಿಲ್ಲವೆಂದು ಮೊಬೈಲ್ ವ್ಯಾಪಾರಿ ಕೈಕೊಟ್ಟರು. ಮಳಿಗೆಯ ಬಾಗಿಲು ಮುಚ್ಚಿಯೇ ಇತ್ತು, ಕಂತು ಮಾತ್ರ ನಿಲ್ಲಲಿಲ್ಲ. ಮ್ಯಾನೇಜರಮ್ಮ ನನ್ನ ಹೊಟ್ಟೆಯ ಮೇಲೆ ಹೊಡೆದರೆಂದು ಕಬೀರ್ ಆಡಳಿತ ಮಂಡಳಿಗೆ ದೂರಿತ್ತರು. ನಿರ್ದೇಶಕರು ವಿವರಣೆ ಕೇಳಿದರು. ವನಜಾ ಅವರು ವಾದಕ್ಕೆ ನಿಲ್ಲದೆ, ರಜೆಯ ದಿನಗಳಲ್ಲಿ ತಾವೇ ಬಾಡಿಗೆದಾರರನ್ನು ಹುಡುಕಿ ಅಲೆದರು. ಯಲಿಯೂರಿನ ಬಟ್ಟೆ ವ್ಯಾಪಾರಿ ಅಶೋಕ್ ಅವರನ್ನು ಕರೆತಂದು, “ಒಂದು ಸಂತೆ ಇಲ್ಲಿ ಕೂತ್ಕಂಡ್ ನೋಡಿ, ಆಮೇಲೆ ಬೇಡ ಅನ್ನಿ” ಎಂದರು. ಸಂಜೆಯ ಹೊತ್ತಿಗೆ ಅಶೋಕ್ ಮುಂಗಡ ಕೊಟ್ಟರು. ಅವರ ಸೀರೆ ಅಂಗಡಿ ಇಂದಿಗೂ ಅಲ್ಲೇ ಇದೆ.

ಕೆಲವು ವರ್ಷಗಳ ಮೇಲೆ, ಸಾಲ ತೀರದೆ ಎದುರಿನ ಹೊಸ ಕಟ್ಟಡ ಹರಾಜಿಗೆ ಬಂತು. ಆ ದಿನ ಕಬೀರ್ ಗ್ಯಾರೇಜು ತೆರೆಯದೆ, ಮನೆಯಲ್ಲಿ ತಾಯಿಯ ಪಕ್ಕದಲ್ಲೇ ಕೂತಿದ್ದರಂತೆ.

ವನಜಾ ಅವರ ಎಣಿಕೆ ತಪ್ಪಿದ್ದೂ ಉಂಟು. ಮದ್ದೂರಿನ ಸಿದ್ದೀಕಾ ಅವರು ಮಹಡಿಯ ಮೇಲೆ ಹೊಲಿಗೆ ಶಾಲೆಗೆ ಜಾಗ ಕೊಳ್ಳಲು ಸಾಲ ಕೇಳಿದಾಗ, ಹತ್ತುವವರು ಯಾರೆಂದು ನಿರಾಕರಿಸಿದರು. ಸಿದ್ದೀಕಾ ಬೇರೆ ಕಡೆ ಸಾಲ ತಂದರು. ಇಂದು ಆ ಮೆಟ್ಟಿಲ ತುಂಬ ಹೆಣ್ಣುಮಕ್ಕಳ ಚಪ್ಪಲಿ. ಹೊಸ ಸಿಬ್ಬಂದಿಗೆ ಈ ಕತೆಯನ್ನು ವನಜಾ ಅವರೇ ಮೊದಲು ಹೇಳುತ್ತಾರೆ.

ಈಚೆಗೆ ಕಬೀರ್ ಜಗಲಿಗೆ ಹೊಸ ಕಲ್ಲು ಹಾಸಿಸಿ, “ರಿಟೈರಾದ್ಮೇಲೆ ಇಲ್ಲೇ ಬಂದ್ ಕುಂತ್ಕಳಿ ಮೇಡಂ” ಎಂದು ಆಹ್ವಾನ ಕೊಟ್ಟರು. ಪಕ್ಕದಲ್ಲಿದ್ದ ಬಿಬಿ ಜಾನ್, “ಬಾಡಿಗೆ ಗೀಡಿಗೆ ಕೇಳೀಯ ಕಣ್ಲಾ, ಉಷಾರು” ಎಂದು ಮಗನನ್ನು ಗದರಿದರು.

ವನಜಾ ಅವರಿಗೆ ಆಯುಸ್ಸು, ಮೊಣಕಾಲಿಗೆ ಬಲ, ಕಣ್ಣಿಗೆ ಬೆಳಕು ನೂರ್ಕಾಲ ಇರಲಿ. ಈ ಊರುಗಳಲ್ಲಿ ಕಟ್ಟಡ ಕೊಳ್ಳುವವರು ಸಹಿ ಹಾಕುವ ಮೊದಲು ಆ ಜಗಲಿಗೆ ಬಂದು, ಅವರ ಪಕ್ಕದಲ್ಲಿ ಅರ್ಧ ದಿನ ಕೂರಲಿ.