ಭೋಂಗಾ ಕೂಗಿದರೆ ಪಾತ್ರೆ ಇಳಿಸುವ ಮನೆ

ಸುಸಲಾ, ಮಿರ್ಚಿಭಜಿ ಹೊಟ್ಟೆತುಂಬ ತಿಂದು ಹಲ್ಲಿನ ಸಂದಿಗೆ ಕಡ್ಡಿ ಹಾಕುತ್ತ ಕುಳಿತ ಲಾಲಪ್ಪನನ್ನು ನೋಡಿದರೇ ಕರುಣಾಗೆ ಹೇಸಿಗೆಯಾಗುತ್ತಿತ್ತು. ಮಗ ದೇವಿಂದ್ರನಿಗೆ ಹೆಣ್ಣು ನೋಡಲು ಗುಂಡಗುರ್ತಿಯಿಂದ ಬಂದ ಈ ಮನುಷ್ಯ, ದನದ ಸಂತೆಗೆ ಬಂದವನ ಹಾಗೆ ಅವಳನ್ನು ಅಡಿಯಿಂದ ಮುಡಿಯವರೆಗೆ ಅಳೆದಿದ್ದ. ಆದರೂ ಹಲ್ಲು ಕಚ್ಚಿ ಕುಳಿತಿದ್ದಳು. ಅಪ್ಪನ ಪಕ್ಕದಲ್ಲಿ ಕುಳಿತ ದೇವಿಂದ್ರ ಅವಳಿಗೆ ಇಷ್ಟವಾಗಿದ್ದ. ಮೂವತ್ತು ದಾಟಿದ ಮೇಲೆ ಇಷ್ಟವಾಗುವವನು ಸಿಗುವುದೇ ದೊಡ್ಡದು.

ಕರುಣಾ ಶಹಾಬಾದಿನ ಕಾಲೇಜೊಂದರಲ್ಲಿ ಜೀವಶಾಸ್ತ್ರ ಕಲಿಸುತ್ತಾಳೆ. ಮನೆ ವಾಡಿಯಲ್ಲಿ, ಸುಣ್ಣಕಲ್ಲಿನ ಗಣಿಯ ಮಗ್ಗುಲಿಗೆ. ಮದ್ದು ಸಿಡಿಸುವ ಮುನ್ನ ಗಣಿಯ ಎಚ್ಚರಿಕೆಯ ಭೋಂಗಾ ಕೂಗುತ್ತದೆ, ಅದುರಿ ಬೀಳಬಾರದೆಂದು ಓಣಿಯ ಹೆಂಗಸರೆಲ್ಲ ಹಲಗೆಯ ಮೇಲಿನ ಪಾತ್ರೆ, ಕಪ್ಪು-ಬಸಿ ನೆಲಕ್ಕಿಳಿಸುತ್ತಾರೆ. ಅವಳ ಅವ್ವ ರಮಾಬಾಯಿ ಇಳಿಸಿ ಸುಮ್ಮನಾಗುವುದಿಲ್ಲ. ಮೈಯೆಲ್ಲ ನಡುಗಿ, ಬಾಗಿಲ ಚೌಕಟ್ಟು ಹಿಡಿದು ಕುಕ್ಕರಿಸುತ್ತಾಳೆ. ಮದುವೆಗೂ ಮುಂಚೆ ಅವಳ ತಮ್ಮ ಅಂಥದೇ ಸಿಡಿತಕ್ಕೆ ಸಿಕ್ಕು ಅವಳ ಕಣ್ಣೆದುರೇ ಸತ್ತಿದ್ದ.

ಹೋದ ತಿಂಗಳು ಚಿತ್ತಾಪುರದ ವಿಜ್ಞಾನ ದಿನದ ಭಾಷಣದಲ್ಲಿ ಕರುಣಾ ಈ ನಡುಕವನ್ನೇ ಬಿಡಿಸಿ ಹೇಳಿದ್ದಳು. ಸದ್ದು ಕಿವಿಗೆ ಬಿದ್ದೊಡನೆ ಮಿದುಳಿನ ಒಂದು ನರಕೋಶ ಇನ್ನೊಂದಕ್ಕೆ ಸುದ್ದಿ ಮುಟ್ಟಿಸುತ್ತದೆ. ಸುದ್ದಿ ಕೋಶದ ಹೊರಪೊರೆಯಲ್ಲೇ ನಿಲ್ಲದೆ, ಒಂದು ರಾಸಾಯನಿಕ ಇನ್ನೊಂದನ್ನು ಎಬ್ಬಿಸುತ್ತ ಕೋಶದ ನಟ್ಟನಡುವಿನವರೆಗೆ ಇಳಿಯುತ್ತದೆ. ಅಲ್ಲಿ ವಂಶವಾಹಿಗಳ ಸುರುಳಿಯ ಮೇಲೆ ಸಣ್ಣ ಗುರುತುಗಳು ಅಂಟುತ್ತವೆ, ಕೆಲವು ಕಳಚುತ್ತವೆ. ವಂಶವಾಹಿಯ ಬರಹ ಬದಲಾಗುವುದಿಲ್ಲ, ಯಾವುದು ತೆರೆದಿರಬೇಕು, ಯಾವುದು ಮುಚ್ಚಿರಬೇಕು ಎಂಬುದಷ್ಟೇ ಬದಲಾಗುತ್ತದೆ. ಅದೇ ಸದ್ದು ದಿನದಿನವೂ ಬಡಿದರೆ ಗುರುತು ಬೇರೂರುತ್ತದೆ.

ಇಷ್ಟಕ್ಕೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆದರೆ ಜನ ಆಕಳಿಸುತ್ತಿದ್ದರು. ಚಪ್ಪಾಳೆಯ ಆಸೆಗೆ ಬಿದ್ದು, "ಅವ್ವನ ಅಂಜಿಕಿ ಮಕ್ಕಳ ರಕ್ತಕ್ಕೂ ಇಳೀತದ" ಎಂದುಬಿಟ್ಟಳು. ಅದು ಇಲಿಗಳಲ್ಲಿ ಅಷ್ಟಿಷ್ಟು ಕಂಡದ್ದು, ಮನುಷ್ಯರಲ್ಲಿ ಯಾರೂ ಸಾಧಿಸಿ ತೋರಿಸಿಲ್ಲ ಎಂಬುದು ಗೊತ್ತಿದ್ದೂ ಹೇಳಿದಳು. ಚಪ್ಪಾಳೆ ಬಿತ್ತು. ಯಾರೋ ಮೊಬೈಲಿನಲ್ಲಿ ಹಿಡಿದು ಊರೆಲ್ಲ ಹಂಚಿದರು.

ಲಾಲಪ್ಪ ಕಡ್ಡಿ ಎಸೆದ. "ನೋಡವ್ವಾ, ನೀ ನಮಗ ಪಸಂದ ಬಂದೀದಿ. ಒಂದೇ ಮಾತು. ನಾಳಿ ಕೂಸು ಹುಟ್ಟಿದ್ರ ನಿಮ್ಮವ್ವ ಎತ್ತಿಕೊಳ್ಳಬಾರದು. ಆ ಅಂಜಿಕಿ ನಮ್ಮ ಮನಿಗಿ ಬ್ಯಾಡ. ನಾ ಹೇಳಿದ್ದಲ್ಲ, ನೀನೇ ಭಾಷಣದಾಗ ಹೇಳೀದಿ."

ಕರುಣಾ ದೇವಿಂದ್ರನತ್ತ ನೋಡಿದಳು. ಅವನು ಬೆರಳಿಗೆ ಹತ್ತಿದ ಭಜಿಯ ಎಣ್ಣೆ ಒರೆಸುವುದರಲ್ಲಿ ಮುಳುಗಿದ್ದ. ಇವನನ್ನು ಇಷ್ಟಪಟ್ಟ ತನ್ನ ಮೇಲೂ ಅವಳಿಗೆ ಹೇಸಿಗೆಯಾಯಿತು.

ಅಷ್ಟರಲ್ಲಿ ಭೋಂಗಾ ಕೂಗಿತು. ಒಳಗಿನಿಂದ ಎಲ್ಲ ಕೇಳಿಸಿಕೊಂಡಿದ್ದ ರಮಾಬಾಯಿ ನಡುಗುವ ಕೈಯಲ್ಲೇ ಬಂದು, ಬೀಗರಾಗಬೇಕಾದವರ ಮುಂದಿನ ಕಪ್ಪು-ಬಸಿ ಎತ್ತಿ ನೆಲಕ್ಕಿಟ್ಟಳು. ಗಣಿ ಸಿಡಿಯಿತು. ಮನೆ ಅದುರಿತು. ಲಾಲಪ್ಪ ಕುರ್ಚಿಯಿಂದ ಹಾರಿಬಿದ್ದ.

"ಅಂಜಿದ್ರೇನ್ರಿ?" ಕರುಣಾ ಕೇಳಿದಳು. "ಹಂಗಾದ್ರ ನೀವೂ ಮೊಮ್ಮಗನ್ನ ಎತ್ತಿಕೊಳ್ಳಬಾರದು. ಏಳ್ರಿ, ಬಸ್ಸಿನ ಹೊತ್ತಾತು."

ಅವರು ಹೋದ ಮೇಲೆ ರಮಾಬಾಯಿ ಎಂಜಲು ತಟ್ಟೆ ಬಳಿಯುತ್ತ ಕೇಳಿದಳು. "ಖರೇ ಏನು ಕರುಣಾ? ನನ್ನ ಅಂಜಿಕಿ ನಿನಗ ಹತ್ತ್ಯಾದ?"

"ಇಲ್ಲವ್ವಾ. ಮಂದಿ ಚಪ್ಪಾಳಿ ಹೊಡೀಲಿ ಅಂತ ಹೇಳಿದ್ದೆ."

ರಮಾಬಾಯಿ ಹೂಂ ಎಂದಳು. ಮರುದಿನ ಭೋಂಗಾ ಕೂಗಿದಾಗ ಪಾತ್ರೆಗಳನ್ನೆಲ್ಲ ಇಳಿಸಿ, ಬಾಗಿಲು ಎಳೆದುಕೊಂಡು ಹೊರಗೆ ಹೋದಳು. ಕಿಟಕಿಯಿಂದ ಕರುಣಾ ನೋಡಿದಳು. ಅವ್ವ ಸುಡುಬಿಸಿಲಲ್ಲಿ ಬಾಯಿಗೆ ಸೆರಗು ತುರುಕಿಕೊಂಡು, ಮಗಳಿಗೆ ಕಾಣಬಾರದೆಂದು ಗೋಡೆಯ ಕಡೆ ಮುಖ ಮಾಡಿ ಕುಕ್ಕರಿಸಿದ್ದಳು.