ಗೊರಕಪ್ಪನ ಚೀಲ

ನನ್ನ ಚಿಕ್ಕಪ್ಪನಷ್ಟು ಕೈಕೆಲಸ ಬಾರದ ಮನುಷ್ಯನನ್ನು ನಾನು ಬೇರೆಲ್ಲೂ ಕಂಡಿಲ್ಲ. ಬಲ್ಬು ಬದಲಾಯಿಸಲು ಹೋಗಿ ಹೋಲ್ಡರನ್ನೇ ಕಿತ್ತು ಕೈಗೆ ತಂದವರು. ನಲ್ಲಿಗೆ ವಾಷರ್ ಹಾಕುತ್ತೇನೆಂದು ಕೂತು ಅಡುಗೆಮನೆಗೆಲ್ಲ ಸ್ನಾನ ಮಾಡಿಸಿದವರು. ಗೋಡೆಗೆ ಒಂದು ಮೊಳೆ ಹೊಡೆಯಬೇಕಾದರೂ ಚಿಕ್ಕಮ್ಮ ಏನಾದರೂ ನೆಪ ಹೇಳಿ ಅವರನ್ನು ಹೊರಗೆ ಕಳಿಸಿ ತಾನೇ ಹೊಡೆಯುತ್ತಿದ್ದಳು. ಅಂಥವರು ಇಪ್ಪತ್ತು ವರ್ಷಕ್ಕೂ ಮೀರಿ ಒಂದು ವ್ಯಾಕ್ಯೂಮ್ ಕ್ಲೀನರನ್ನು ಇನ್ನೊಬ್ಬರ ಕೈ ಸೋಕಲು ಬಿಡದೆ ತಾವೇ ರಿಪೇರಿ ಮಾಡಿಕೊಂಡು ಬಂದರು ಎಂದರೆ ಯಾರೂ ನಂಬುವುದಿಲ್ಲ. ನಂಬಿದವರು ಜಿಪುಣ ಎಂದರು. ನಮ್ಮಮ್ಮ ಎಲ್ಲರಿಗಿಂತ ಜೋರಾಗಿ ಅಂದಳು. ಅವಳು ಚಿಕ್ಕಮ್ಮನ ಅಕ್ಕ. ತಂಗಿಯ ಗಂಡನನ್ನು ಆಡಿಕೊಳ್ಳುವುದು ತನ್ನ ಹುಟ್ಟುಹಕ್ಕು ಎಂದು ತಿಳಿದವಳು.

ಚಿಕ್ಕಪ್ಪನ ಕೆಲಸ ಮುಖ್ಯ ಬೀದಿಯ ಚಪ್ಪಲಿ ಅಂಗಡಿಯಲ್ಲಿ. ಗಿಡ್ಡ ಸ್ಟೂಲಿನ ಮೇಲೆ ಕೂತು, ಗಿರಾಕಿಯ ಪಾದವನ್ನು ತಮ್ಮ ಮೊಣಕಾಲಿನ ಮೇಲಿಟ್ಟುಕೊಂಡು ಶೂ ತೊಡಿಸುವುದು. ಯಾರಾದರೂ ಬಿಗಿ ಎಂದು ಮುಖ ಕಿವುಚಿದರೆ ಅವರ ಬಾಯಲ್ಲಿ ಒಂದು ಮಾತು ಸದಾ ಸಿದ್ಧವಾಗಿತ್ತು: "ನಾಲ್ಕು ದಿನ ಹಾಕ್ಕೊಳ್ಳಿ, ಹೊಂದ್ಕೊಳ್ಳುತ್ತೆ." ನಿಜವಾಗಿ ಹೊಂದಿಕೊಳ್ಳುತ್ತದೆಯೇ ಎಂದು ನಾನು ಒಮ್ಮೆ ಕೇಳಿದೆ. ಅವರು ನಕ್ಕರು. "ಪಕ್ಕದಲ್ಲಿ ಬಿಗಿಯಾದ್ರೆ ಚರ್ಮ ಸ್ವಲ್ಪ ಬಿಡುತ್ತೆ. ಬೆರಳು ಶೂ ತುದಿಗೆ ಮುಟ್ಟಿದ್ರೆ ಯಾವತ್ತೂ ಹೊಂದ್ಕೊಳ್ಳಲ್ಲ. ಅದೆಲ್ಲ ಅಂಗಡಿ ಮಾತು ಕಣೆ." ಅಂಗಡಿಯಲ್ಲಿ ಅವರಿಗೆ ಒಳ್ಳೆಯ ಹೆಸರಿತ್ತು. ಎದುರಿಗಿದ್ದವರ ಮುಖ ಸಪ್ಪಗಾಗುವುದನ್ನು ಅವರಿಂದ ನೋಡಲಾಗುತ್ತಿರಲಿಲ್ಲ.

ಆ ಮೆಷಿನ್ನು ಮನೆಗೆ ಬಂದದ್ದು ಮಗನಿಗಾಗಿ. ಪುಟ್ಟನಿಗೆ ಹುಟ್ಟಿದ ಮರುವರ್ಷದಿಂದಲೇ ಉಬ್ಬಸ. ಮನೆಯಲ್ಲಿ ಪೊರಕೆ ಆಡಿಸಲೇಬೇಡಿ, ಧೂಳು ಎದ್ದರೆ ಈ ಮಗುವಿಗೆ ಆಗುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಆ ಬೀದಿಯಲ್ಲಿ ಅಂಥ ಮೆಷಿನ್ನು ಇದ್ದದ್ದು ಅದೊಂದೇ. ಕೆಂಪು ಬಣ್ಣ, ಕೊಡದಂಥ ಹೊಟ್ಟೆ, ಹಿಂದೆ ಬಿಸಿಗಾಳಿ ಬಿಡುವ ಜಾಲರಿ. ಅದು ಚಾಲೂ ಆದರೆ ಪಕ್ಕದ ಮನೆಯವರೂ ಮಾತು ನಿಲ್ಲಿಸಬೇಕಿತ್ತು. ಪುಟ್ಟ ಅದಕ್ಕೆ ಗೊರಕಪ್ಪ ಎಂದು ಹೆಸರಿಟ್ಟ. "ಅಮ್ಮಾ, ಗೊರಕಪ್ಪನ್ನ ಎಬ್ಬಿಸು," ಎಂದು ಮಂಚದ ಮೇಲೆ ಕಾಲು ಮಡಚಿ ಕೂತು, ತಾನು ದೊರೆ, ಅದು ಆಳು ಎಂಬಂತೆ ಅಪ್ಪಣೆ ಕೊಡುತ್ತಿದ್ದ.

ಗೊರಕಪ್ಪನ ಹೊಟ್ಟೆಯೊಳಗೆ ಕಾಗದದ ಚೀಲ ಹಾಕಬೇಕಿತ್ತು. ಧೂಳು ತುಂಬಿದ ಮೇಲೆ ಎಸೆದು ಹೊಸದು ಹಾಕುವಂಥದ್ದು. ಜೊತೆಗೆ ಬಂದಿದ್ದ ಚೀಲಗಳು ಮುಗಿಯುವ ಹೊತ್ತಿಗೆ ಮಾರಿದ ಅಂಗಡಿಯೇ ಬಾಗಿಲು ಹಾಕಿತ್ತು, ಬೇರೆಲ್ಲೂ ಆ ಚೀಲ ಸಿಗಲಿಲ್ಲ. ಚಿಕ್ಕಮ್ಮ ತಲೆ ಮೇಲೆ ಕೈ ಹೊತ್ತು ಕೂರುವವಳಲ್ಲ. ಮನೆಯಲ್ಲೇ ಶಾಲೆ ಮಕ್ಕಳ ಸಮವಸ್ತ್ರ, ಕಿಟಕಿ ಪರದೆ ಹೊಲಿದು ಕೊಡುತ್ತಿದ್ದವಳು. ಹಳೆಯ ಕಾಗದದ ಚೀಲವನ್ನು ಬಿಚ್ಚಿ, ಅದೇ ಅಳತೆಗೆ ಪುಟ್ಟನ ಕೋಣೆಯ ಪರದೆಯಲ್ಲಿ ಮಿಕ್ಕಿದ್ದ ನೀಲಿ ಬಟ್ಟೆಯಲ್ಲಿ ಒಂದು ಚೀಲ ಹೊಲಿದಳು. ಅಂಚಿಗೆ ಎರಡೆರಡು ಹೊಲಿಗೆ, ಬಾಯಿಗೆ ಪಟ್ಟಿ. ಒಗೆದು ಒಣಗಿಸಿ ಮತ್ತೆ ಹಾಕಬಹುದು. ಬಂದವರಿಗೆಲ್ಲ ತೆಗೆದು ತೋರಿಸುತ್ತಿದ್ದಳು. ಚಿಕ್ಕಪ್ಪನೂ ಅಂಗಡಿಯಲ್ಲಿ ಕಂಡಕಂಡವರಿಗೆ ಹೆಂಡತಿಯ ಜಾಣತನ ಹೇಳಿಕೊಂಡು ಓಡಾಡಿದರು.

ಪುಟ್ಟ ಎಂಟು ತುಂಬುವ ಮೊದಲೇ ಹೋದ. ಅದನ್ನು ಉದ್ದಕ್ಕೆ ಹೇಳಲು ನನಗೆ ಬಾಯಿ ಬರುವುದಿಲ್ಲ. ಒಂದು ಮಧ್ಯಾಹ್ನ ಉಸಿರು ಸಿಕ್ಕಿಕೊಂಡಿತು; ಆಸ್ಪತ್ರೆ ಮುಟ್ಟುವಷ್ಟರಲ್ಲಿ ಜೀವ ಇರಲಿಲ್ಲ.

ಚಿಕ್ಕಮ್ಮ ಅತ್ತಳು, ಹೊಲಿಗೆ ಬಿಟ್ಟಳು, ಮತ್ತೆ ಹೊಲಿಗೆ ಹಿಡಿದಳು. ಒಂದನ್ನು ಮಾತ್ರ ಬಿಡಲಿಲ್ಲ. ದಿನಾ ಬೆಳಿಗ್ಗೆ ಗೊರಕಪ್ಪನನ್ನು ಎಳೆದುಕೊಂಡು ಹೋಗಿ ಪುಟ್ಟನ ಕೋಣೆಯ ಮೂಲೆಮೂಲೆ ಗುಡಿಸುವುದು. ಹಾಸಿಗೆ, ಕಿಟಕಿಯ ಸಂದು, ಅವನ ಪುಸ್ತಕದ ಹಲಗೆ. "ಒಂದು ಕಣ ಧೂಳು ಇರಕ್ಕೆ ಬಿಟ್ಟಿಲ್ಲ ನಾನು, ಆಗಲೂ ಬಿಟ್ಟಿರಲಿಲ್ಲ," ಎನ್ನುತ್ತಿದ್ದಳು. ಮಗನಿಗೆ ತಾನು ಮಾಡಬೇಕಾದ್ದನ್ನೆಲ್ಲ ಮಾಡಿದ್ದೆ ಎಂಬ ಒಂದೇ ಸಮಾಧಾನದ ಮೇಲೆ ಅವಳು ಎದ್ದು ನಿಂತಿದ್ದಳು.

ಅದಾಗಿ ವರ್ಷದ ಮೇಲೆ ಮೆಷಿನ್ನು ಮೊದಲ ಸಲ ಕೈಕೊಟ್ಟಿತು. ಚಿಕ್ಕಪ್ಪ ಅದನ್ನು ಹೊತ್ತುಕೊಂಡು ಒಬ್ಬ ಮೆಕ್ಯಾನಿಕ್ ಹತ್ತಿರ ಹೋದರು. ಆತ ಮುಚ್ಚಳ ತೆಗೆದವನೇ ನಕ್ಕ. "ಯಾರು ಸಾರ್ ಈ ಚೀಲ ಹೊಲಿದವರು? ಹೊಲಿಗೆ ಚೆನ್ನಾಗಿದೆ. ಆದ್ರೆ ಇದು ಚೀಲ ಅಲ್ಲ, ಜರಡಿ. ಕಸ ಕಡ್ಡಿ ಒಳಗೆ ನಿಲ್ಲುತ್ತೆ. ಕಣ್ಣಿಗೆ ಕಾಣದ ಸಣ್ಣ ಧೂಳೆಲ್ಲ ಬಟ್ಟೆಯಿಂದ ಸೋರಿ, ಹಿಂದುಗಡೆಯಿಂದ ವಾಪಸ್ ಕೋಣೆಗೇ ಬರುತ್ತೆ. ಪೊರಕೆ ಹಾಕಿದ್ರೆ ಧೂಳು ಮೊಣಕಾಲಿನ ತನಕ ಏಳುತ್ತೆ. ಇದು ಸೀದಾ ಮೂಗಿಗೇ ಊದುತ್ತೆ."

ಚಿಕ್ಕಪ್ಪ ಅಲ್ಲಿಂದ ಸೀದಾ ಪುಟ್ಟನನ್ನು ನೋಡುತ್ತಿದ್ದ ಡಾಕ್ಟರ ಬಳಿ ಹೋದರು. ಅವರು, "ಅದರಿಂದ ಇರಬಹುದು, ಇಲ್ಲದೆಯೂ ಇರಬಹುದು. ಈಗ ತಿಳಿದು ಏನು ಮಾಡ್ತೀರಿ?" ಎಂದರು. ಆ ಮಾತನ್ನು ನುಂಗಿಕೊಂಡು ಮನೆಗೆ ಬಂದರು. ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. "ಸರಿ ಹೋಯ್ತಾ?" ಎಂದಳು. "ವೈರ್ ಸಡಿಲ ಆಗಿತ್ತಷ್ಟೆ," ಎಂದರು.

ಅಂದಿನಿಂದ ಅವರು ಮೆಕ್ಯಾನಿಕ್ ಆದರು. ಮೆಷಿನ್ನು ಎಸೆಯೋಣ ಎಂದರೆ ಅವಳು ಬಿಡುವುದಿಲ್ಲ. ಬೇರೆ ಚೀಲ ಹಾಕೋಣ ಎಂದರೆ ಯಾಕೆ ಎನ್ನುತ್ತಾಳೆ. ಯಾವ ರಿಪೇರಿಯವನು ಬಂದು ಮುಚ್ಚಳ ತೆಗೆದರೂ ಮೊದಲು ಬಾಯಿಂದ ಬೀಳುವ ಮಾತು ಅದೇ. ಅವಳ ಕಿವಿಗೆ ಅದು ಬೀಳಬಾರದು ಎಂದರೆ ಮುಚ್ಚಳಕ್ಕೆ ಬೇರೆ ಕೈ ತಾಕಬಾರದು. ಹೀಗೆ ಬಲ್ಬು ಹಾಕಲು ಬಾರದ ಮನುಷ್ಯ ಸ್ಕ್ರೂಡ್ರೈವರ್ ಹಿಡಿದರು. ಶಾಕ್ ಹೊಡೆಸಿಕೊಂಡರು, ಹೆಬ್ಬೆರಳು ಸುಟ್ಟುಕೊಂಡರು, ಗುಜರಿ ಅಂಗಡಿಗಳಲ್ಲಿ ತಲೆ ಹುದುಗಿಸಿ ಮೋಟರಿನೊಳಗೆ ಸವೆಯುವ ಕಾರ್ಬನ್ ತುಂಡು ಹುಡುಕಿ ತಂದರು. ಪೈಪು ಸೀಳಿದಾಗ ಅಂಗಡಿಯ ಚಪ್ಪಲಿ ಅಂಟಿಸುವ ಸಲ್ಯೂಷನ್ ಹಚ್ಚಿ ಮೆತ್ತನೆಯ ಚರ್ಮ ಸುತ್ತಿದರು. ಒಂದು ಚಕ್ರ ಮುರಿದಾಗ ಚಿಕ್ಕಮ್ಮನ ಹೊಲಿಗೆ ದಾರದ ದೊಡ್ಡ ಮರದ ರೀಲು ಬಂದು ಕೂತಿತು. ಹಿಡಿಕೆ ಹೋದಾಗ ಶೂ ಲೇಸಿನ ಹೆಣಿಗೆ ಬಂತು. ಕೊನೆಕೊನೆಗೆ ಗೊರಕಪ್ಪ ಅರ್ಧ ಮೆಷಿನ್ನು, ಅರ್ಧ ಬೂಟು. ನಾವೆಲ್ಲ ಕೂತು ನಗುತ್ತಿದ್ದೆವು, ಅವರೂ ನಮ್ಮ ಜೊತೆ ನಗುತ್ತಿದ್ದರು.

ಇದೆಲ್ಲ ನನಗೆ ಗೊತ್ತಾದದ್ದು ಹೋದ ವರ್ಷ. ಚಿಕ್ಕಪ್ಪನಿಗೆ ಲಕ್ವ ಸಣ್ಣಗೆ ಹೊಡೆದು, ಬಲಗೈ ನಡುಗತೊಡಗಿತ್ತು. ಅದೇ ಹೊತ್ತಿಗೆ ಗೊರಕಪ್ಪನೂ ಸ್ವಲ್ಪ ಓಡುವುದು, ಬಿಸಿಯಾಗಿ ಕರಕಲು ವಾಸನೆ ಬಿಟ್ಟು ನಿಲ್ಲುವುದು ಶುರುವಾಯಿತು. ಚಿಕ್ಕಮ್ಮ ತರಕಾರಿಗೆ ಹೋಗಿದ್ದ ಹೊತ್ತು ನೋಡಿ ನನಗೆ ಬರಹೇಳಿದರು. ನಾನು ಇರುವುದು ಎರಡು ಬೀದಿಯಾಚೆ. ಮೆಷಿನ್ನು ಬಿಚ್ಚಿಕೊಂಡು ನೆಲದ ಮೇಲೆ ಹರಡಿತ್ತು. ಅವರ ಕೈಯ ಸ್ಕ್ರೂಡ್ರೈವರ್ ಸ್ಕ್ರೂವಿನ ಮೇಲೆ ನಿಲ್ಲದೆ ಜಾರುತ್ತಿತ್ತು.

"ಬಿಟ್ಟಾಕಿ ಚಿಕ್ಕಪ್ಪ, ಇನ್ನೆಷ್ಟು ದಿನ ಜಿಪುಣತನ? ಹೊಸದು ತಗೊಳ್ಳಿ," ಎಂದೆ.

ಆಗ ಹೇಳಿದರು. ತಲೆ ಎತ್ತದೆ, ಆ ನೀಲಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಎಲ್ಲವನ್ನೂ ಹೇಳಿದರು. ನಾನು ಬಿಚ್ಚಿದ ಭಾಗಗಳನ್ನು ಅವರು ತೋರಿಸಿದಂತೆ ಮತ್ತೆ ಜೋಡಿಸಿದೆ. "ನೀನು ಒಂದು ಕೆಲಸ ಮಾಡು," ಎಂದರು. "ಹೊಸದು ನೀನೇ ತಗೊಂಡು ಬಾ. ಡಬ್ಬದ ಸಮೇತ ತಾ. ಅಂಗಡಿಯವರು ಯಾರೂ ಮನೆಗೆ ಬರೋದು ಬೇಡ. ಹಳೇದನ್ನ ನಿನ್ನ ಮನೆಗೆ ತಗೊಂಡು ಹೋಗಿ ಎಲ್ಲಾದರೂ ಹಾಕು. ಅವಳು ಏನೂ ಅರಿಯದೆ ನೆಮ್ಮದಿಯಾಗಿ ಇದ್ದುಬಿಡಲಿ."

ಹಾಗೆಯೇ ತಂದೆ. ಚಿಕ್ಕಮ್ಮ ಡಬ್ಬವನ್ನು ನೋಡಿ ಬೇಡ ಎನ್ನಲಿಲ್ಲ. ಗಂಡನ ಕೈ ನೋಡಿ ಅವಳೂ ಸೋತಿದ್ದಳು. ಹಳೆಯದನ್ನು ಇನ್ನೊಂದು ದಿನ ಇಟ್ಟುಕೊಂಡು ಕಳಿಸುತ್ತೇನೆ ಎಂದಳು. ಆ ಒಂದು ದಿನವೇ ಮುಳುವಾಯಿತು. ಬಿಲ್ಲಿಗೆ ನಾನು ಚಿಕ್ಕಪ್ಪನ ಮನೆಯ ವಿಳಾಸ ಕೊಟ್ಟಿದ್ದೆ; ಹೊಸ ಮೆಷಿನ್ನು ಕೊಂಡವರ ಮನೆಗೆ ಅಂಗಡಿಯವರು ತಾವಾಗಿ ಬಂದು ಓಡಿಸಿ ತೋರಿಸುತ್ತಾರೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಮರುದಿನ ಹಳೆಯದನ್ನು ಒಯ್ಯಲು ನಾನು ಹೋದಾಗ ಟೈ ಕಟ್ಟಿದ, ನಡುವಯಸ್ಸಿನ, ತುಂಬ ವಿನಯದ ಒಬ್ಬರು ಸೋಫಾದಲ್ಲಿ ಕೂತಿದ್ದರು. ಚಿಕ್ಕಪ್ಪನ ಮುಖ ಬಿಳುಚಿಕೊಂಡಿತ್ತು.

"ಮನೇಲಿ ಹಳೇದು ಇದೆಯಾ ಅಮ್ಮ? ಅದರ ಪಕ್ಕ ಇಟ್ಟು ತೋರಿಸಿದ್ರೆ ವ್ಯತ್ಯಾಸ ಗೊತ್ತಾಗುತ್ತೆ," ಎಂದರು ಆತ.

"ಅದು ಓಡಲ್ಲ," ಎಂದರು ಚಿಕ್ಕಪ್ಪ.

"ಓಡಲ್ಲ ಅಂದ್ರೆ? ಈಗಿನ್ನೂ ಪುಟ್ಟನ ಕೋಣೆಗೆ ಹಾಕಿದೆ," ಎಂದು ಚಿಕ್ಕಮ್ಮ ತಾನೇ ಎಳೆದು ತಂದಳು. ಮುಚ್ಚಳ ತೆಗೆದು ತೋರಿಸಿದಳು. "ಚೀಲ ನಾನೇ ಹೊಲಿದಿದ್ದು. ಇಷ್ಟು ವರ್ಷಕ್ಕೆ ಒಂದು ಹೊಲಿಗೆ ಬಿಟ್ಟಿಲ್ಲ ನೋಡಿ." ಆಮೇಲೆ ಸ್ವಿಚ್ಚು ಒತ್ತಿದಳು.

ಗೊರಕಪ್ಪ ಗುಡುಗಿತು. ಆತ ಜೇಬಿನಿಂದ ಒಂದು ಬಿಳಿ ಕರ್ಚೀಫು ತೆಗೆದು ಕೊಡವಿ, ಹಿಂದಿನ ಜಾಲರಿಗೆ ಅಡ್ಡ ಹಿಡಿದರು. ಮನೆಮನೆಗೂ ಹೋಗಿ ಆಡುವ ಆಟ ಅದು, ಪಾಪ, ಅವರಿಗೇನು ಗೊತ್ತು. ಚಿಕ್ಕಪ್ಪ ಪ್ಲಗ್ಗು ಕೀಳಲು ಎದ್ದರು. ಕೈ ನಡುಗಿ ಪ್ಲಗ್ಗು ಸಿಗಲಿಲ್ಲ. ನಾನು ಹೋಗಿ ಕೀಳುವಷ್ಟರಲ್ಲಿ ಆತ ಕರ್ಚೀಫನ್ನು ಚಿಕ್ಕಮ್ಮನ ಮುಂದೆ ಹರವಿದ್ದರು. ನಡುವೆ ಜಾಲರಿಯ ಗುರುತು ಬೂದು ಬಣ್ಣದಲ್ಲಿ ಅಚ್ಚೊತ್ತಿ ಬಿದ್ದಿತ್ತು.

"ಇದನ್ನೆಲ್ಲ ನೀವು ಉಸಿರಾಡ್ತಿದ್ರಿ ಅಮ್ಮ."

ಚಿಕ್ಕಮ್ಮ ಕರ್ಚೀಫನ್ನು ಮುಟ್ಟಿ ನೋಡಿದಳು. ಬೆರಳನ್ನು ಬೆರಳಿಗೆ ಉಜ್ಜಿದಳು. "ಹಳೇದಾಗಿದೆಯಲ್ಲ, ಅದಕ್ಕೆ," ಎಂದಳು.

"ಮೆಷಿನ್ನಿನ ತಪ್ಪಲ್ಲಮ್ಮ. ಬಟ್ಟೆ ಚೀಲ ಹಾಕಿದ ದಿನದಿಂದ ಹೀಗೇ ಇರುತ್ತೆ."

ನಾನು ಆತನನ್ನು ಹೇಗೆ ಹೊರಗೆ ಕಳಿಸಿದೆನೋ ನೆನಪಿಲ್ಲ. ವಾಪಸು ಒಳಗೆ ಬಂದಾಗ ಚಿಕ್ಕಮ್ಮ ನೆಲದ ಮೇಲೆ ಕೂತು ಚೀಲವನ್ನು ಹೊರಗೆಳೆದಿದ್ದಳು. ಚಿಕ್ಕಪ್ಪ ಪಕ್ಕದಲ್ಲಿ ಬಗ್ಗಿ ನಿಂತಿದ್ದರು.

"ಅವನು ವ್ಯಾಪಾರದವನು ಕಣೆ. ತನ್ನ ಮಾಲು ಮಾರಕ್ಕೆ ಏನು ಬೇಕಾದ್ರೂ ಹೇಳ್ತಾನೆ. ನಾನು ಕಂಡಿಲ್ವಾ."

"ಪುಟ್ಟ ಕೆಮ್ಮೋದು ಜಾಸ್ತಿಯಾದಾಗೆಲ್ಲ," ಎಂದಳು ಚಿಕ್ಕಮ್ಮ, "ನಾನು ಇನ್ನೊಂದು ಸಲ ಹಾಕ್ತಿದ್ದೆ. ಕಿಟಕಿ ಮುಚ್ಚಿ. ಹೊರಗಿನ ಧೂಳು ಬರಬಾರದು ಅಂತ ಕಿಟಕಿ ಮುಚ್ಚಿ ಹಾಕ್ತಿದ್ದೆ."

ಚಿಕ್ಕಪ್ಪ ಏನೋ ಹೇಳಲು ಹೋದರು. ಅವಳು ತಲೆಯೆತ್ತಿ ಅವರನ್ನೇ ನೋಡಿದಳು. ಆಮೇಲೆ ಆ ಚರ್ಮ ಸುತ್ತಿದ ಪೈಪನ್ನು, ಮರದ ಚಕ್ರವನ್ನು, ಲೇಸಿನ ಹಿಡಿಕೆಯನ್ನು ಒಂದೊಂದಾಗಿ ನೋಡುತ್ತ ಹೋದಳು.

"ನಿಮಗೆ ಗೊತ್ತಿತ್ತು," ಎಂದಳು.

"ನಿನ್ನ ಕೈಯಲ್ಲಿ ತಡ್ಕೊಳ್ಳಕ್ಕೆ ಆಗ್ತಿರಲಿಲ್ಲ."

"ದಿನಾ ಬೆಳಿಗ್ಗೆ ಅವನ ಕೋಣೇಲಿ ಇದನ್ನ ಹಿಡ್ಕೊಂಡು ನಿಲ್ತಿದ್ದೆ. ನೋಡ್ಕೊಂಡು ಕೂತಿದ್ರಿ. ಬಂದವರಿಗೆಲ್ಲ ಚೀಲ ತೋರಿಸ್ತಿದ್ದೆ. ನೀವೂ ಹೌದು ಹೌದು ಅಂತಿದ್ರಿ." ಅವಳ ದನಿ ಏರಲಿಲ್ಲ. ಏರಿದ್ದರೆ ಒಳ್ಳೆಯದಿತ್ತು.

ಹೊಲಿಗೆ ಪೆಟ್ಟಿಗೆಯಿಂದ ಸಣ್ಣ ಕತ್ತರಿ ತಂದು ಚೀಲದ ಹೊಲಿಗೆ ಬಿಚ್ಚಲು ಕೂತಳು. ಗಟ್ಟಿ ಹೊಲಿಗೆ, ಸುಲಭಕ್ಕೆ ಬಿಡಲಿಲ್ಲ. ಚಿಕ್ಕಪ್ಪ ಒಂದು ತುದಿ ಹಿಡಿದುಕೊಳ್ಳಲು ಕೈ ಚಾಚಿದರು. ಅವಳು ಬಟ್ಟೆಯನ್ನು ತನ್ನ ಕಡೆ ಎಳೆದುಕೊಂಡಳು.

ಈಗ ಆ ಮನೆಯನ್ನು ಅವಳು ಒದ್ದೆ ಬಟ್ಟೆಯಲ್ಲಿ, ಮೊಣಕಾಲೂರಿ ಒರೆಸುತ್ತಾಳೆ. ಹೊಸ ಮೆಷಿನ್ನು ಡಬ್ಬದಲ್ಲೇ ಇದೆ. ಪುಟ್ಟನ ಕೋಣೆಯ ಬಾಗಿಲನ್ನು ಅಂದು ಹಾಕಿದ್ದು ಮತ್ತೆ ತೆಗೆದಿಲ್ಲ. ಗಂಡನಿಗೆ ಊಟ ಬಡಿಸುತ್ತಾಳೆ, ಮಾತ್ರೆ ಕೊಡುತ್ತಾಳೆ, ಅಂಗಿಯ ಗುಂಡಿ ಹಾಕುತ್ತಾಳೆ. ಮಾತಾಡುವುದಿಲ್ಲ. ಹೋದ ವಾರ ನಾನು ಹೋದಾಗ ಚಿಕ್ಕಪ್ಪ ಆ ಮುಚ್ಚಿದ ಬಾಗಿಲ ಎದುರಿಗೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಒಳಗೆ ಧೂಳು ಎಷ್ಟು ಕೂತಿದೆಯೋ ಎಂದರು. ನನಗೆ ಅವರ ಮುಖ ನೋಡಲಾಗಲಿಲ್ಲ. ಏನಾದರೂ ಹೇಳಬೇಕಲ್ಲ ಎಂದು, "ನಾಲ್ಕು ದಿನ ಹೋಗಲಿ ಚಿಕ್ಕಪ್ಪ, ಹೊಂದ್ಕೊಳ್ತಾಳೆ," ಎಂದೆ.

ಅವರು ನನ್ನ ಕಡೆ ನೋಡಿ ಸಣ್ಣಗೆ ನಕ್ಕರು. "ಬೆರಳು ತುದಿಗೆ ಮುಟ್ಟಿದೆ ಕಣೆ," ಎಂದರು.