ಪೀಟ್ರಪ್ಪನ ಸಹಿ

ಹಂಸಾ ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವಳು. ಜಪಾನಿಗೆ ಬಂದ ಒಂಬತ್ತು ವರ್ಷಗಳಲ್ಲಿ ಮೂರು ಕಂಪನಿ, ಐದು ಮನೆ ಬದಲಿಸಿದ್ದಳು. ಈಗ ಟೋಕಿಯೊದ ಫುನಾಬೊರಿ ಬಡಾವಣೆಯೂ ಸಾಕಾಗಿ ಯುರೋಪಿನ ಗೀಳು ಹಿಡಿದಿತ್ತು. ಅದಕ್ಕೊಂದು ದಾರಿಯೂ ಇತ್ತು. ಅವಳ ತಾಯಿಯ ತಂದೆ ಪಿಯೆತ್ರೊ ಇಟಲಿಯವನು. ಯುದ್ಧಕೈದಿಯಾಗಿ ಬೆಂಗಳೂರಿಗೆ ಬಂದವನು ಬಿಡುಗಡೆಯಾದ ಮೇಲೂ ಜಾಲಹಳ್ಳಿಯಲ್ಲೇ ಗ್ಯಾರೇಜು ಇಟ್ಟು, ಗಿರಿಜಮ್ಮನ ಕೈಹಿಡಿದು, ಊರವರ ಬಾಯಲ್ಲಿ ಪೀಟ್ರಪ್ಪನಾಗಿದ್ದ.

ಆ ತಾತನ ಹೆಸರಿನಲ್ಲಿ ಇಟಲಿಯ ಪೌರತ್ವ ಕೇಳಿ ಟೋಕಿಯೊದ ದೂತಾವಾಸಕ್ಕೆ ಅರ್ಜಿ ಹಾಕಿದ್ದಳು. ಇನ್ನೊಂದೇ ಕಾಗದ ಬೇಕೆಂದು ಇವತ್ತು ಉತ್ತರ ಬಂದಿತ್ತು. ಸ್ಟೇಷನ್ನಿನ ಪ್ಲಾಟ್‌ಫಾರ್ಮಿನಲ್ಲಿ ಅತ್ತಿಂದಿತ್ತ ತಿರುಗುತ್ತ, ಡಿಕ್ಕಿಯಾದವರಿಗೆಲ್ಲ ‘ಸುಮಿಮಾಸೆನ್’ ಎಂದು ಕ್ಷಮೆ ಕೇಳುತ್ತ, ಅವಳು ತಾಯಿಗೆ ಫೋನು ಹಚ್ಚಿದಳು.

“ಅಮ್ಮಾ, ನೀನು ಹುಟ್ಟಿದಾಗ ತಾತ ಇನ್ನೂ ಇಟಾಲಿಯನ್ನೇ ಆಗಿದ್ರು ಅನ್ನೋಕೆ ಪ್ರೂಫ್ ಇದ್ಯಾ?”

“ಅದ್ಹೇಗೆ ಇರುತ್ತೆ? ಮೊದಲು ಈ ದೇಶದವನಾಗು, ಆಮೇಲೆ ತಾಳಿ ಕಟ್ಟು ಅಂತ ನಮ್ಮಮ್ಮ ಪಟ್ಟು ಹಿಡಿದಿದ್ರಂತೆ. ಆ ಸಿಟಿಜನ್‌ಶಿಪ್ ಸರ್ಟಿಫಿಕೇಟ್‌ಗೆ ಫ್ರೇಮ್ ಹಾಕ್ಸಿ ಹಾಲ್‌ನಲ್ಲೇ ನೇತಾಕಿದೀವಲ್ಲೇ!”

ಮರುಕ್ಷಣ ಅದರ ಫೋಟೊ ಬಂತು. ಅರ್ಜಿಯ ಕಥೆ ಅಲ್ಲಿಗೆ ಮುಗಿದಿತ್ತು. ಆದರೂ ಹಂಸಾ ಫೋಟೊವನ್ನು ದೊಡ್ಡದು ಮಾಡಿ ನೋಡಿದಳು. ಭಾರತಕ್ಕೆ ನಿಷ್ಠನಾಗಿರುತ್ತೇನೆ ಎಂಬ ಇಂಗ್ಲಿಷ್ ಪ್ರಮಾಣದ ಕೆಳಗೆ, ಆಗಷ್ಟೇ ಅಕ್ಷರ ತಿದ್ದಿದವನ ದುಂಡು ಕೈಬರಹದಲ್ಲಿ, ಕನ್ನಡದ ಸಹಿಯಿತ್ತು: ಪೀಟ್ರಪ್ಪ.

ರೈಲು ಬಂತು, ಬಾಗಿಲು ತೆರೆಯಿತು, ಹೊರಟೂ ಹೋಯಿತು. ಹಂಸಾ ನಿಂತಲ್ಲೇ ನಿಂತಿದ್ದಳು.